ಮೊಣಕಾಲಿನ ತೇಪೆ

ನಮ್ಮಪ್ಪ ಸಭಾಪಾಲಕರು. ಚರ್ಚು ಒಂದೇ ಕೋಣೆಯಷ್ಟಿದ್ದ ಕಾಲದಲ್ಲಿ, ಯಾವ ನಿರ್ಧಾರಕ್ಕೂ ಮೊದಲು ಅವರು ಸಿಮೆಂಟು ನೆಲದ ಮೇಲೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ಪ್ಯಾಂಟು ಮೊದಲು ಸವೆಯುತ್ತಿದ್ದುದೇ ಅಲ್ಲಿ. ಅಮ್ಮ ತೇಪೆ ಹಾಕುತ್ತಾ, “ನಿಮ್ಮ ದೇವರಿಗೆ ಒಂದು ಚಾಪೆ ಕೊಡೋಕೆ ಹೇಳ್ರೀ” ಎಂದು ರೇಗಿಸುತ್ತಿದ್ದಳು.

ಚರ್ಚು ಬೆಳೆಯಿತು. ಕಟ್ಟಡ, ಸಮಿತಿ, ಮೈಕು, ಅದೂ ಇದೂ ಸುಡುಗಾಡು ಎಲ್ಲವೂ ಬಂತು. ಅಪ್ಪನಿಗೆ ಉಸಿರಾಡಲೂ ಪುರಸೊತ್ತಿಲ್ಲ. ಪ್ರಾರ್ಥನೆಯೆಂದರೆ ಮೀಟಿಂಗಿಗೆ ಮೊದಲು ನಿಂತಲ್ಲೇ ಗಡಿಬಿಡಿಯಲ್ಲಿ ಹೇಳುವ ನಾಲ್ಕು ಮಾತು, ಅಷ್ಟೇ. ಪ್ಯಾಂಟು ಹರಿಯುವುದು ನಿಂತಿತು. ಅಮ್ಮ ಅದನ್ನು ಗಮನಿಸಿದಳು.

ಆಸ್ಪತ್ರೆಯಲ್ಲಿ ಅಮ್ಮನ ಕೊನೆಯ ದಿನ. “ನನಗೋಸ್ಕರ ಒಂದು ಪ್ರಾರ್ಥನೆ ಮಾಡ್ರೀ” ಎಂದಳು. ಅಪ್ಪ ಮಂಚದ ಪಕ್ಕ ನಿಂತು ಕಣ್ಣು ಮುಚ್ಚಿದರು.

“ಕರ್ತನೇ, ಇಲ್ಲಿ ಸೇರಿರುವ ಎಲ್ಲಾ ಸದಸ್ಯರನ್ನೂ ಇಂದಿನ ಚರ್ಚೆಯನ್ನೂ ಆಶೀರ್ವದಿಸು…”

ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ತಡವರಿಸಿದರು. ಬೇರೆ ಮಾತೇ ಬರಲಿಲ್ಲ.

ಅಮ್ಮ ಅವರ ಕೈ ಹಿಡಿದುಕೊಂಡು, “ಇರ್ಲಿ ಬಿಡಿ, ನಾನೇ ಮಾಡ್ತೀನಿ” ಎಂದಳು. ಮಾಡಿದಳು, ಅಪ್ಪನಿಗೋಸ್ಕರ.

ಈಗ ಅಪ್ಪನ ಪ್ಯಾಂಟು ಮತ್ತೆ ಮೊಣಕಾಲಲ್ಲಿ ಹರಿದಿದೆ. “ಕೊಡಪ್ಪಾ, ಹೊಲಿದುಕೊಡ್ತೀನಿ” ಎಂದರೆ ಕೊಡುವುದಿಲ್ಲ.

“ಬೇಡಮ್ಮ, ಅದು ಅವಳ ಕೆಲ್ಸ” ಎನ್ನುತ್ತಾರೆ.