ಬೆಸುಗೆಯಕ್ಕ ಬಿಟ್ಟ ಕೊನೆಯ ತಂತಿ

ನಾನು ಎಲೆಕ್ಟ್ರಾನಿಕ್ ಬಿಡಿಭಾಗಗಳ ವ್ಯಾಪಾರಿ. ಊರವರ ಮನೆಯಲ್ಲಿ ಏನಾದರೂ ಸುಟ್ಟರೆ ನನ್ನ ಮನೆಯ ಒಲೆ ಹತ್ತುತ್ತದೆ. ನನ್ನ ಅಂಗಡಿಯ ಮೂಲೆಯಲ್ಲಿ ಇಪ್ಪತ್ತೆಂಟು ವರ್ಷ ಮೇಜು ಹಾಕಿಕೊಂಡು ರೇಡಿಯೊ, ಚಾರ್ಜರು, ಟಾರ್ಚು ರಿಪೇರಿ ಮಾಡಿದವಳು ಬೆಸುಗೆಯಕ್ಕ. ಅವಳ ಪರೀಕ್ಷೆಯೆಲ್ಲ ಮೂಗಿನಿಂದ. ಮುಚ್ಚಳ ಬಿಚ್ಚಿ ಒಮ್ಮೆ ಮೂಸಿದರೆ ಸತ್ತಿರುವುದು ಯಾವುದು, ನಾಟಕ ಆಡುತ್ತಿರುವುದು ಯಾವುದು ಎಂದು ಹೇಳಿಬಿಡುತ್ತಿದ್ದಳು. ನಾನು ಲಾಭ ಜಾಸ್ತಿ ಇಟ್ಟುಕೊಂಡದ್ದನ್ನೂ ಹಾಗೇ ಪತ್ತೆ ಹಚ್ಚುತ್ತಿದ್ದಳು, ಅದು ಬೇರೆ ಮಾತು.

ಈಚೆಗೆ ಜನ ಕೆಟ್ಟದ್ದನ್ನು ಬಿಸಾಡಿ ಹೊಸದನ್ನು ತರತೊಡಗಿದರು. ಅಕ್ಕನ ಬೆಸುಗೆ ಕಡ್ಡಿ ತಣ್ಣಗಾಯಿತು. ಅಷ್ಟರಲ್ಲಿ ತಾಂತ್ರಿಕ ಶಾಲೆಯವರಿಗೆ ಸಂಜೆ ತರಗತಿಗೆ ಕೈಕೆಲಸ ಕಲಿಸುವವರು ಬೇಕಾದರು. ಅಕ್ಕ ಅರ್ಜಿ ಹಾಕಿದಳು. ಹತ್ತನೇ ತರಗತಿ ಪಾಸಾಗದವಳಿಗೆ ಇದೆಲ್ಲ ಯಾಕೆ ಎಂದು ಅಲ್ಲಿನ ಕಂಪ್ಯೂಟರ್ ಮೇಷ್ಟ್ರು ಮೂಗು ಮುರಿದರು. ಪ್ರಿನ್ಸಿಪಾಲರು ನಡುವೆ ಬಂದು, ಕಂಪ್ಯೂಟರಿನಲ್ಲಿ ಒಂದು ಸರ್ಕ್ಯೂಟ್ ಬರೆದು, ಪರದೆಯ ಮೇಲೇ ತಂತಿ ಜೋಡಿಸಿ, ದೀಪ ಹತ್ತಿಸಿ ತೋರಿಸಲಿ, ಒಂದೇ ಅವಕಾಶ ಎಂದರು. ಹತ್ತದಿದ್ದರೆ ಅಕ್ಕ ಮನೆಯಲ್ಲಿ ಕೂತು ಗೋಡೆ ನೋಡಬೇಕು.

ಅಕ್ಕನಿಗೆ ಕಲಿಸಲು ನಿಂತವಳು ಅವಳ ಸೊಸೆ. ಕಾರ್ಖಾನೆಯೊಂದರಲ್ಲಿ ಕಂಪ್ಯೂಟರಿನಲ್ಲೇ ನಕ್ಷೆ ಬರೆಯುವ ಕೆಲಸದವಳು. ಇಪ್ಪತ್ತೆಂಟು ವರ್ಷ ಊರಿಗೆಲ್ಲ ಬೈದು ಬುದ್ಧಿ ಹೇಳಿದವಳು ಈಗ ಸೊಸೆಯ ಮುಂದೆ ಕೈಕಟ್ಟಿ ಕೂತದ್ದನ್ನು ನೋಡಲೆಂದೇ ನಾನು ಎರಡು ಸಲ ಅವರ ಮನೆಗೆ ಹೋದೆ. ಕಾರಣ ಏನೋ ಹೇಳಿಕೊಂಡೆ, ನೆನಪಿಲ್ಲ.

ಮೊದಲ ದಿನ ಅಕ್ಕ ಏನಾಗುತ್ತದೆ ನೋಡಲೆಂದು ಕಂಪ್ಯೂಟರಿನಲ್ಲಿ ಬ್ಯಾಟರಿಗೆ ನೇರವಾಗಿ ಎಲ್ಇಡಿ ದೀಪ ಸೇರಿಸಿ, ಮುಖವನ್ನು ಪರದೆಯ ಹತ್ತಿರ ಒಯ್ದು ಮೂಸಿದಳು. ಮೇಜಿನ ಮೇಲಾಗಿದ್ದರೆ ಆ ಎಲ್ಇಡಿ ಟುಸ್ ಎಂದು ಸತ್ತಿರುತ್ತಿತ್ತು. ಇಲ್ಲಿ ಹೊಗೆಯಿಲ್ಲ, ವಾಸನೆಯಿಲ್ಲ. ಇದೆಂಥ ಕಳ್ಳ ಯಂತ್ರ ಎಂದು ಅವಳಿಗೆ ಸಿಟ್ಟು. ಎರಡನೇ ದಿನ ಎಲ್ಲ ಸರಿಯಾಗಿ ಜೋಡಿಸಿದರೂ, ನೆಲದ ಗುರುತು, ಅಂದರೆ ಅರ್ತ್, ಇಲ್ಲ ಎಂದು ಕಂಪ್ಯೂಟರ್ ಹಟ ಹಿಡಿಯಿತು.

"ಟಾರ್ಚಿಗೆ ಯಾರಮ್ಮ ನೆಲ ಕೊಡ್ತಾರೆ?"

"ಎಲ್ಲಿಂದ ಅಳೀಬೇಕು ಅಂತ ಇದಕ್ಕೆ ಗೊತ್ತಾಗ್ಬೇಕಲ್ಲ ಅತ್ತೆ. ಒಂದು ಕಡೆ ಸೊನ್ನೆ ಅಂತ ತೋರಿಸ್ಬೇಕು."

"ಹಾಗೆ ಹೇಳು. ನಮ್ಮನೇಲಿ ನಿನ್ನ ಗಂಡ ಇದ್ದ ಹಾಗೆ."

ಒಳಗೆ ಪೇಪರ್ ಓದುತ್ತಿದ್ದ ಮಗ ಪುಟ ತಿರುವಿದ ಸದ್ದು ಸ್ವಲ್ಪ ಜೋರಾಗಿ ಕೇಳಿಸಿತು.

ಪರೀಕ್ಷೆಯ ದಿನ ಶಾಲೆಗೆ ಸಾಮಾನು ಕೊಡುವ ನೆಪದಲ್ಲಿ ನಾನೂ ಹೋದೆ. ಪರದೆಯ ಮೇಲೆ ಒಂದು ಬ್ಯಾಟರಿ, ಒಂದು ಸ್ವಿಚ್, ಎರಡು ದೀಪ. ಸ್ವಿಚ್ ಒತ್ತಿದರೆ ಎರಡೂ ಒಟ್ಟಿಗೆ ಹತ್ತಬೇಕು, ಒಂದನ್ನು ತೆಗೆದರೂ ಇನ್ನೊಂದು ಉರಿಯುತ್ತಿರಬೇಕು. ಅಕ್ಕ ಬ್ಯಾಟರಿಯನ್ನು ಅಲ್ಲಿಟ್ಟಳು, ಇಲ್ಲಿಟ್ಟಳು, ಮತ್ತೆ ಅಲ್ಲಿಟ್ಟಳು. ಮೇಷ್ಟ್ರು ಗಡಿಯಾರ ನೋಡಿದರು. ಆಮೇಲೆ ಅಕ್ಕ ತಂತಿಗಳನ್ನೆಲ್ಲ ಎಳೆದು, ನೆಲದ ಗುರುತನ್ನೂ ಹಾಕಿ, ಎರಡನೇ ದೀಪದ ಒಂದು ತುದಿಯನ್ನು ಮಾತ್ರ ಹಾಗೇ ಬಿಟ್ಟು ಕೈಕಟ್ಟಿ ಕೂತಳು.

ಮೇಷ್ಟ್ರ ಮುಖ ಅರಳಿತು. ಒಂದು ತಂತಿ ಬಿಟ್ಟುಹೋಗಿದೆಯಲ್ಲ ಎಂದರು.

"ಬಿಟ್ಟುಹೋಗಿಲ್ಲ ಸಾರ್, ಬಿಟ್ಟಿದ್ದೀನಿ. ಕೊನೇದನ್ನ ನೀವೇ ಸೇರಿಸಿ. ನಾನೇ ಹತ್ತಿಸಿದ್ರೆ ಗಿರಾಕಿ ಪೂರ್ತಿ ನಂಬಲ್ಲ, ಅವರ ಕೈಲೇ ಹತ್ತಿದ್ರೆ ಮರುಮಾತಾಡಲ್ಲ."

ಪ್ರಿನ್ಸಿಪಾಲರು ನಕ್ಕು, ಹಾಕಿ ಎಂದರು. ಮೇಷ್ಟ್ರು ಗತ್ತಿನಿಂದ ತಂತಿ ಎಳೆದರು, ಸ್ವಿಚ್ ಒತ್ತಿದರು. ಮೊದಲ ದೀಪ ಹತ್ತಿತು. ಎರಡನೆಯದು ಕಪ್ಪಗೇ ಇತ್ತು. ನಾನು ಮೊದಲೇ ಹೇಳಿರಲಿಲ್ಲವೇ, ನಕ್ಷೆಯೇ ತಪ್ಪು ಎಂದು ಮೇಷ್ಟ್ರು ಎದ್ದೇಬಿಟ್ಟರು.

ಅಕ್ಕ ಮೌಸ್ ಮುಟ್ಟಲಿಲ್ಲ. "ಕೂತ್ಕೊಳ್ಳಿ ಸಾರ್. ನಿಮ್ಮ ತಂತಿ ಬ್ಯಾಟರಿಯಿಂದ ಬಂದ ಆ ಗೆರೆ ಮೇಲೆ ಹಾದು ಆಚೆಗೆ ಹೋಗಿದೆ, ಸೇರಿಲ್ಲ. ಸೇರಿದ್ರೆ ಅಲ್ಲೊಂದು ಚುಕ್ಕಿ ಬೀಳುತ್ತೆ. ಅಳಿಸಿ, ಗೆರೆ ಮೇಲೇ ನಿಲ್ಲಿಸಿ. ಅವಸರ ಬೇಡ."

ಮೇಷ್ಟ್ರು ಕೂತರು. ಅಳಿಸಿದರು. ಉಸಿರು ಬಿಗಿಹಿಡಿದು ಮತ್ತೆ ಎಳೆದರು. ಚುಕ್ಕಿ ಬಿತ್ತು, ದೀಪ ಹತ್ತಿತು. ಅವರ ಬಾಯಿಂದ ಅವರಿಗೇ ತಿಳಿಯದೆ "ಹಾ, ಬಂತು" ಎಂಬ ಮಾತು ಬಂತು. ಹೊಸದಾಗಿ ಕಲಿಯುವವರೆಲ್ಲ ಆಡುವ ಮಾತು ಅದು.

ಪ್ರಿನ್ಸಿಪಾಲರು ಅರ್ಜಿಗೆ ಸಹಿ ಹಾಕುತ್ತಾ, ಸಂಜೆ ಪಾಠ ಸೋಮವಾರದಿಂದ, ಆದರೆ ನೀವು ಇವತ್ತೇ ಶುರು ಮಾಡಿಬಿಟ್ಟಿರಿ ಎಂದರು.

ಮೆಟ್ಟಿಲಿಳಿಯುವಾಗ ನನಗೆ ತಡೆಯಲಾಗಲಿಲ್ಲ. "ಅಕ್ಕಾ, ನಿಜ ಹೇಳು. ಅವರು ತಪ್ತಾರೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು ಸಾಹುಕಾರ್ರೇ. ನೀವು ಬಂದುಹೋದ ಮೇಲೆ ಆ ಜಾಗದಲ್ಲಿ ನಾನೇ ಎರಡು ದಿನ ಒದ್ದಾಡಿದ್ದೀನಿ. ಕೊನೇ ತಂತಿ ಬ್ಯಾಟರಿ ತುದಿಗೆ ನೇರವಾಗಿ ಸೇರೋ ಹಾಗಿದ್ರೆ ಯಾರು ಬೇಕಾದ್ರೂ ಸೇರಿಸಿಬಿಡ್ತಾರೆ. ಗೆರೆ ನಡುವೇನೇ ಸೇರಿಸ್ಬೇಕು, ಆ ಥರ ಬ್ಯಾಟರಿ ಇಡೋಕೇ ಅಷ್ಟು ಹೊತ್ತು ಹಿಡೀತು."