ಮೀಟರಿಗೆ ಗೊತ್ತಿಲ್ಲದ ದಾರಿ

ಬಳ್ಳಾರಿಯ ಗ್ಯಾರೇಜುಗಳ ಮುಂದೆ ಹಾದುಹೋಗುವಾಗ ಗ್ರೀಸಿನ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ. ಉಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಅದು ಅಮ್ಮನ ತವರಿನ ವಾಸನೆ. ನಗಬೇಡಿ, ಹೇಳುತ್ತೇನೆ ಕೇಳಿ.

ಎಪ್ಪತ್ತರ ದಶಕದ ಮಾತು. ಕುರುಗೋಡಿನ ನಮ್ಮ ಮನೆಯಲ್ಲಿ ಒಂದು ಗುಂಡನೆಯ ಕಪ್ಪು ಕಾರಿತ್ತು, ಆಗಲೇ ಹಳೆಯದು. ಓಡಿಸುವವರು ಅಪ್ಪನಾದರೂ ಯಜಮಾನಿಕೆಯೆಲ್ಲ ತಾತನದು, ಅಂದರೆ ಅಪ್ಪನ ಅಪ್ಪನದು. ಕಾರು ಅಂಗಳಕ್ಕೆ ಬಂದೊಡನೆ ತಾತ ಕಿಟಕಿಯೊಳಗೆ ತಲೆ ತೂರಿಸಿ, ಮೀಟರಿನಲ್ಲಿ ಎಷ್ಟು ಮೈಲಿ ಓಡಿದೆ ಎಂದು ನೋಡಿದ ಮೇಲೆಯೇ ನಾವು ಇಳಿಯಬೇಕು. ಯಾವ ಊರಿಗೆ ಎಷ್ಟು ಮೈಲಿ ಎಂಬುದು ಅವರಿಗೆ ಬಾಯಿಪಾಠ. ರಾರಾವಿಗೆ ಮಾತ್ರ ಯಾರೂ ಹೋಗುವಂತಿರಲಿಲ್ಲ. ಅದು ಅಮ್ಮನ ತವರು. ಅಲ್ಲಿನ ಒಂದು ಮದುವೆಯಲ್ಲಿ ತಾತನನ್ನು ಎರಡನೇ ಪಂಕ್ತಿಯ ಊಟಕ್ಕೆ ಕೂರಿಸಿದ್ದರಂತೆ! ಹೋಳಿಗೆ ಒಂದಿಷ್ಟು ತಣ್ಣಗಾದದ್ದಕ್ಕೆ ಎರಡು ಮನೆಗಳ ನಡುವೆ ಮಾತೇ ನಿಂತುಹೋಯಿತು.

ಅಪ್ಪನಿಗೆ ಅಮ್ಮನ ಸಪ್ಪೆ ಮುಖ ನೋಡಲಾಗುತ್ತಿರಲಿಲ್ಲ. ಅಮಾವಾಸ್ಯೆಗೆ ಅಪ್ಪನ ಅಂಗಡಿಗೆ ರಜ. ಸಿರುಗುಪ್ಪದ ಅತ್ತೆಯ ಮನೆಗೆಂದು ಹೇಳಿ ಹೊರಡುತ್ತಿದ್ದೆವು. ಸಿರುಗುಪ್ಪ ದಾಟಿದ್ದೇ ಅಪ್ಪ ಒಂದು ಹುಣಸೆಮರದ ಕೆಳಗೆ ಕಾರು ನಿಲ್ಲಿಸಿ, ಮೀಟರಿನ ಹಿಂದೆ ಕೈ ತೂರಿಸಿ, ಅದಕ್ಕೆ ಓಟ ಮುಟ್ಟಿಸುವ ಕೇಬಲ್ಲಿನ ನಟ್ಟು ಬಿಚ್ಚುತ್ತಿದ್ದರು. ಅಲ್ಲಿಂದ ಮುಂದೆ ಮೈಲಿಯ ಲೆಕ್ಕ ನಿಂತು, ಮುಳ್ಳು ಸೊನ್ನೆಯ ಮೇಲೆ ಮಲಗಿಬಿಡುತ್ತಿತ್ತು. ಬಿಚ್ಚಿದ ಕೇಬಲ್ಲು ಅಮ್ಮನ ಮೊಣಕಾಲ ಹತ್ತಿರ ಗಿರ್ರೆಂದು ತಿರುಗುತ್ತ ಗ್ರೀಸು ಚಿಮ್ಮಿಸುತ್ತಿತ್ತು. "ಸೀರಿಗೆ ಹತ್ತೀತು, ಜ್ವಾಕಿ" ಎಂದು ಅಪ್ಪ ಅಂದರೆ, "ಹತ್ತಲಿ ಬಿಡ್ರಿ" ಎಂದು ಅಮ್ಮ ನಗುತ್ತಿದ್ದಳು. ಆ ನಗು ಕುರುಗೋಡಿನ ಮನೆಯಲ್ಲಿ ನಾನು ಕಂಡದ್ದಿಲ್ಲ. ರಾರಾವಿಯಲ್ಲಿ ಅಮ್ಮನ ತಾಯಿ, ನಮ್ಮ ಅವ್ವ, ಬಾಗಿಲಲ್ಲೇ ಅವಳ ಗಲ್ಲ ಹಿಡಿದು "ಎಷ್ಟ್ ಸೊರಗೀಯಬೇ ನನ್ನವ್ವಾ" ಎನ್ನುವಳು. ಆ ನಾಲ್ಕು ತಾಸು ನನ್ನ ಅಮ್ಮ ಬರೀ ಮಗಳಾಗಿರುತ್ತಿದ್ದಳು. ಹಿಂದಿರುಗುವಾಗ ಅದೇ ಮರದ ಕೆಳಗೆ ಅಪ್ಪ ಮತ್ತೆ ನಟ್ಟು ಬಿಗಿಯುತ್ತಿದ್ದರು.

ಎರಡು ವರ್ಷ ಹೀಗೇ ನಡೆಯಿತು. ಬಿಚ್ಚಿ, ಬಿಗಿದು, ಬಾಗಿಸಿ, ಕೊನೆಗೊಂದು ದಿನ ಕೇಬಲ್ಲು ತುಂಡಾಯಿತು. ಹೊಸದು ಹಾಕಿಸಲು ತಾತ ತಾವೇ ಬಳ್ಳಾರಿಗೆ ಬಂದು ಗ್ಯಾರೇಜಿನಲ್ಲಿ ಸ್ಟೂಲು ಹಾಕಿಸಿಕೊಂಡು ಕೂತರು. ಮೇಸ್ತ್ರಿ ಖಾಸಿಂ ಸಾಬರು ಹಳೆಯ ತಂತಿ ಎಳೆದು ತೆಗೆದು, ಹೊಸದಕ್ಕೆ ಗ್ರೀಸು ಸವರಿ, ಬೆರಳಲ್ಲಿ ತಿರುವುತ್ತ ತಿರುವುತ್ತ ಕೊಳವೆಯೊಳಗೆ ಇಳಿಸಿದರು. ಪಾಪ, ಒಳ್ಳೆಯ ಮನುಷ್ಯ, ಕಂಡದ್ದನ್ನು ಆಡಿಬಿಟ್ಟರು.

"ಇದು ತಾನಾಗೇ ಹರದಿಲ್ರಿ ಯಜಮಾನ್ರ. ಯಾರೋ ಬಿಚ್ಚಿ ಬಿಚ್ಚಿ ಹಾಕ್ಯಾರ."

ತಾತ ಅಪ್ಪನನ್ನು ನೋಡಿದರು. ಅಪ್ಪ ನೆಲ ನೋಡಿದರು. "ನಟ್ಟಿಗೆ ಅರಗು ಹಾಕಿ ಮುದ್ರಿ ಒತ್ತು. ಇನ್ನ ಮ್ಯಾಲೆ ಯಾರೂ ಬಿಚ್ಚಬಾರದು" ಎಂದರು ತಾತ.

ಆಮೇಲೆ ಐದು ಅಮಾವಾಸ್ಯೆ ಅಮ್ಮ ಮನೆಯಲ್ಲೇ ಉಳಿದಳು. ಒಂದು ಮಧ್ಯಾಹ್ನ ರಾರಾವಿಯಿಂದ ಆಳು ಬಂದ. ಅವ್ವನಿಗೆ ತೀರಾ ಆರಾಮಿಲ್ಲ ಎಂದ. ಅಮ್ಮ ಮೊದಲ ಬಾರಿಗೆ ತಾತನೆದುರು ನಿಂತು, "ಮಾವಾರ, ನಾನು ಹೋಗಬೇಕ್ರಿ" ಎಂದಳು. ತಾತ ಎಲೆಯಡಿಕೆ ಜಗಿಯುತ್ತ, "ನಾಳೆ ನೋಡೂಣು" ಎಂದರು. ರಾತ್ರಿ ಅವರಿಗೂ ಏನನಿಸಿತೋ, ಬೆಳಗ್ಗೆ ತಾವೇ ಮುಂದಿನ ಸೀಟಿನಲ್ಲಿ ಕೂತು ಎಲ್ಲರನ್ನೂ ಹೊರಡಿಸಿದರು. ನಾವು ಮುಟ್ಟುವಷ್ಟರಲ್ಲಿ ಅವ್ವ ಹೋಗಿಬಿಟ್ಟಿದ್ದಳು. ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಅಮ್ಮ ಆ ಗಲ್ಲ ಹಿಡಿದುಕೊಂಡು ಕೂತುಬಿಟ್ಟಳು.

ಮಣ್ಣು ಮುಗಿಸಿ ಸಂಜೆ ಕುರುಗೋಡಿಗೆ ಬಂದೆವು. ಇಳಿಯುವ ಮುನ್ನ ತಾತನ ತಲೆ ಅಭ್ಯಾಸಬಲದಿಂದ ಮೀಟರಿನತ್ತ ಬಾಗಿತು. ಹಿಂದಿನ ಸೀಟಿನಿಂದ ಅಮ್ಮ ಅಂದಳು:

"ನೋಡ್ರಿ ಮಾವಾರ. ನಮ್ಮವ್ವನ ಮನಿ ಎಷ್ಟ್ ದೂರ ಇತ್ತು, ಛಂದಾಗಿ ನೋಡ್ರಿ."

ತಾತ ಮತ್ತೆಂದೂ ಆ ಮೀಟರು ನೋಡಲಿಲ್ಲ. ಕಾರು ಗುಜರಿಗೆ ಹೋಯಿತು. ತಾತ ಹೋದರು, ಅಪ್ಪ ಹೋದರು, ಹೋದ ವರ್ಷ ಅಮ್ಮನೂ. ನಿಜ ಹೇಳಬೇಕೆಂದರೆ, ಕುರುಗೋಡಿನಿಂದ ರಾರಾವಿ ಅಷ್ಟೇನೂ ದೂರವಿಲ್ಲ. ಬೆಳಗ್ಗೆ ಹೊರಟರೆ ಅವ್ವನ ಕೈಯೂಟ ಉಂಡು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬಹುದಿತ್ತು.