ಫೋನ್ ಬಂದಾಗಿನ ಸಪ್ಪಳ

ಕಲ್ಲೋಳಿಯಲ್ಲಿ ನನ್ನ ಬೈಕ್ ಗ್ಯಾರೇಜಿನ ಗದ್ದಲಕ್ಕೆ ಪಕ್ಕದ ಮನೆಯ ಹಿರಿಯ ಹೆಂಗಸು, ನಮ್ಮೆಲ್ಲರ ಕಾಕು, ಬೇಸತ್ತಿದ್ದರು. ನಾನು ಭಾರೀ ಇಂಜಿನಿಯರನಂತೆ ನಡುಗೋಡೆಯ ತುಂಬ ಗೋಣಿಚೀಲಗಳನ್ನು ಮೊಳೆ ಹೊಡೆದು ಕೂರಿಸಿದೆ, ಬಡಿದುಕೊಳ್ಳುವ ತಗಡಿನ ಬಾಗಿಲಿಗೆ ಹಳೆಯ ಟ್ಯೂಬು ಸುತ್ತಿದೆ. ಆಮೇಲೆ ಶಹಬ್ಬಾಸ್ ಅನ್ನಿಸಿಕೊಳ್ಳಲು ಅವರ ಮನೆಗೇ ಹೋದೆ.

“ಈಗ ಸಪ್ಪಳ ಕಡಿಮಿ ಆತಲ್ರಿ, ಕಾಕು?”

“ಕೆಲಸದ ಸಪ್ಪಳ ಇರಲಿ ಬಿಡಪಾ. ನಿನಗ ಫೋನ್ ಬಂದಾಗೊಮ್ಮೆ ಗಾಡಿ ಯಾಕ ರೇಸ್ ಮಾಡ್ತಿ?”

ನಾನು ತಲೆ ಕೆರೆದುಕೊಂಡೆ. ಇನ್ನೂ ಮುಟ್ಟಿಯೇ ಇಲ್ಲದ ಗಾಡಿಯ ಮಾಲೀಕ ಫೋನ್ ಮಾಡಿದರೆ, ಎದುರಿಗಿದ್ದ ಇನ್ಯಾರದೋ ಗಾಡಿಯನ್ನು ಜೋರಾಗಿ ರೇಸ್ ಮಾಡಿ, “ಕೇಳ್ರಿ, ನಿಮ್ಮದನ್ನ ಮಾಡಾಕತ್ತೇನಿ” ಎನ್ನುವುದು ನನ್ನ ಹಳೆಯ ಪದ್ಧತಿ. ಗೋಡೆಯಾಚೆಯ ಕಾಕುಗೆ ಅದೆಲ್ಲ ಬಾಯಿಪಾಠವಾಗಿತ್ತು.

“ಆ ಚೀಲಾ ಗ್ವಾಡಿಗಿ ಹೊಡದು ಹಾಳ ಮಾಡಿದಿ ನೋಡು,” ಎಂದರು, “ನಿನ್ನ ಬಾಯಿಗಿ ಒಂದ ಕಟ್ಟಕೊಂಡಿದ್ರ ಸಾಕಿತ್ತು.”